ಸವೆಯುವ ಮೊದಲೇ ಮುದಿಯಾಗುವ ಟೈರು

ಸ್ಪೋರ್ಟ್ಸ್ ಕಾರಿನ ಟೈರು ಎಷ್ಟು ಕಾಲ ಬಾಳುತ್ತದೆ ಎಂದು ಯಾರನ್ನು ಕೇಳಿದರೂ ಉತ್ತರ ಬರುವುದು ಕಿಲೋಮೀಟರಿನ ಲೆಕ್ಕದಲ್ಲಿ. ಸಾಮಾನ್ಯ ಕಾರಿನದು ನಲವತ್ತು–ಐವತ್ತು ಸಾವಿರ, ಜೋರು ಕಾರಿನ ಹಿಂದಿನ ಚಕ್ರದ್ದು ಹತ್ತರಿಂದ ಇಪ್ಪತ್ತು ಸಾವಿರ ಎಂಬ ಮಾತು ಟೈರ್ ಅಂಗಡಿಯಲ್ಲೂ ಸಿಗುತ್ತದೆ, ಕಾರು ಮಾರುವವರ ಬಾಯಲ್ಲೂ ಸಿಗುತ್ತದೆ. ಅಂಕಿ ತೀರ ತಪ್ಪೇನಲ್ಲ. ಆದರೆ ನಮ್ಮ ಹವೆಯಲ್ಲಿ, ನಮ್ಮ ರಸ್ತೆಗಳಲ್ಲಿ, ಇಂಥ ಕಾರುಗಳನ್ನು ನಾವು ಬಳಸುವ ರೀತಿಯಲ್ಲಿ ಈ ಅಂಕಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಭಾರತದ ಸ್ಪೋರ್ಟ್ಸ್ ಕಾರಿನ ಟೈರು ಬಹುಮಟ್ಟಿಗೆ ಸವೆದು ಸಾಯುವುದಿಲ್ಲ. ಒಂದೋ ನಿಂತಲ್ಲೇ ಮುದಿಯಾಗುತ್ತದೆ, ಇಲ್ಲವೇ ಗುಂಡಿಗೆ ಬಿದ್ದು ಪಕ್ಕೆ ಮುರಿದುಕೊಳ್ಳುತ್ತದೆ. ಹಾಗಿದ್ದೂ ಮಾಲೀಕರಾಗಲಿ ಕಾನೂನಾಗಲಿ ತಪಾಸಣೆಯವರಾಗಲಿ ನೋಡುವುದು ಸವೆತವೊಂದನ್ನೇ.

ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಲು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದ ನಡುವಿನ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಕನ್ನಡಿಗರಿಗೆ ಇದು ದೂರದ ಊರೂ ಅಲ್ಲ. ಅಂಕೋಲದಿಂದ ಹೊರಟ ರಾಷ್ಟ್ರೀಯ ಹೆದ್ದಾರಿ 52 ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರ ದಾಟಿ ನೇರವಾಗಿ ಸಂಭಾಜಿನಗರ ಮುಟ್ಟುತ್ತದೆ. ಶಿರಡಿಗೂ ಪಂಚವಟಿಗೂ ಹೋಗುವ ನಮ್ಮ ವಾಹನಗಳು ಈ ಭಾಗವನ್ನು ಚೆನ್ನಾಗಿ ಬಲ್ಲವು. ನಾಸಿಕ್‌ನಲ್ಲಿ ಸಿಯೆಟ್ ಕಂಪನಿಯ ಟೈರ್ ಕಾರ್ಖಾನೆಯಿದೆ, ಸಂಭಾಜಿನಗರದ ವಾಳೂಜಿನಲ್ಲಿ ಗುಡ್‌ಇಯರ್‌ನದು. ಅದೇ ನಗರದ ಇನ್ನೊಂದು ಬದಿಯ ಶೇಂದ್ರಾ ಕೈಗಾರಿಕಾ ಪ್ರದೇಶದಲ್ಲಿ 2001ರಲ್ಲಿ ಸ್ಕೋಡಾ ಕಾರ್ಖಾನೆ ಶುರುವಾಯಿತು. ಭಾರತದಲ್ಲಿ ಜೋಡಣೆಯಾಗುವ ಆಡಿ ಕಾರುಗಳು ಹೊರಬರುವುದೂ ಅಲ್ಲಿಂದಲೇ. ದುಬಾರಿ ಕಾರಿನ ಗೀಳಿಗೂ ಊರು ಹಿಂದೆ ಬಿದ್ದಿಲ್ಲ: ಔರಂಗಾಬಾದ್ ಎಂಬ ಹೆಸರೇ ಇದ್ದ 2010ರಲ್ಲಿ ಇಲ್ಲಿನ ಉದ್ಯಮಿಗಳು, ವೃತ್ತಿಪರರು ಗುಂಪು ಕಟ್ಟಿಕೊಂಡು ಒಟ್ಟಿಗೆ 150 ಮರ್ಸಿಡಿಸ್ ಕೊಂಡು ದೇಶದ ಗಮನ ಸೆಳೆದಿದ್ದರು. ಇವೆಲ್ಲಕ್ಕೂ ಮಿಗಿಲಾಗಿ ಈಗ ಸಮೃದ್ಧಿ ಮಹಾಮಾರ್ಗವಿದೆ. ಮುಂಬೈ–ನಾಗಪುರ ನಡುವಿನ 701 ಕಿ.ಮೀ. ಉದ್ದದ, ಗಂಟೆಗೆ 120 ಕಿ.ಮೀ. ಮಿತಿಯ ಈ ಕಾಂಕ್ರೀಟ್ ರಸ್ತೆಯ ನಾಗಪುರ–ಶಿರಡಿ ಭಾಗ 2022ರ ಡಿಸೆಂಬರ್‌ನಲ್ಲಿ, ಇಗತಪುರಿ–ಆಮನೆ ನಡುವಿನ ಕೊನೆಯ ತುಂಡು 2025ರ ಜೂನ್‌ನಲ್ಲಿ ತೆರೆದವು. ಟೈರು ತಯಾರಾಗುವ, ಕಾರು ಜೋಡಣೆಯಾಗುವ, ಎರಡನ್ನೂ ಓಡಿಸಿ ನೋಡುವ ಜಾಗಗಳು ಹೀಗೆ ಒಂದೇ ಸೀಮೆಯಲ್ಲಿ ಕೂಡಿಬಂದಿವೆ.

ಮೊದಲು ಸವೆತದ ವಾದವನ್ನೇ ಅದರ ಪೂರ್ಣ ಬಲದಲ್ಲಿ ನೋಡಬೇಕು. ಟೈರಿನ ಪಕ್ಕದ ಗೋಡೆಯ ಮೇಲೆ ಅಮೆರಿಕದ ಪದ್ಧತಿಯಂತೆ ಅಚ್ಚಾದ ಒಂದು 'ಟ್ರೆಡ್‌ವೇರ್' ಅಂಕಿ ಇರುತ್ತದೆ. ಮಿಶೆಲಿನ್‌ನ ಪೈಲಟ್ ಸ್ಪೋರ್ಟ್ 4ಎಸ್ ಮೇಲೆ 300, ಅದೇ ಕಂಪನಿಯ ರೇಸ್‌ಟ್ರ್ಯಾಕ್‌ಗೆ ಹತ್ತಿರದ ಕಪ್ 2 ಮೇಲೆ 180. ಟೆಕ್ಸಾಸ್‌ನ ಸುಮಾರು 640 ಕಿ.ಮೀ. ಸುತ್ತಿನ ರಸ್ತೆಯಲ್ಲಿ ಒಟ್ಟು 11,500 ಕಿ.ಮೀ.ಯಷ್ಟು ಓಡಿಸಿ, 100 ಎಂದು ಗೊತ್ತುಮಾಡಿದ ಮಾದರಿ ಟೈರಿನ ಜತೆ ಸವೆತವನ್ನು ಹೋಲಿಸಿ ಈ ಅಂಕಿ ತೆಗೆಯುತ್ತಾರೆ. ಅಂಕಿ ಕೊಡುವುದು ತಯಾರಕರೇ. ಆದ್ದರಿಂದ ಒಂದು ಕಂಪನಿಯ 300ನ್ನು ಇನ್ನೊಂದು ಕಂಪನಿಯ 300ರ ಪಕ್ಕ ಇಟ್ಟು ತೂಗುವಂತಿಲ್ಲ, ಅದನ್ನು ಇಷ್ಟು ಸಾವಿರ ಕಿ.ಮೀ. ಎಂದು ಪರಿವರ್ತಿಸುವಂತೆಯೂ ಇಲ್ಲ. ಪಂಚವಟಿಯ ನೆಲದಲ್ಲಿ ನಿಂತು ಹೇಳುವುದಾದರೆ ಇದೊಂದು ಮಾಯಾಜಿಂಕೆ: ಹೊಳೆಯುತ್ತದೆ, ಕೈಗೆ ಸಿಗುವುದಿಲ್ಲ. ಆದರೂ ಅದು ಸೂಚಿಸುವ ದಿಕ್ಕು ಸರಿಯಾದುದೇ. ರಸ್ತೆಯನ್ನು ಗಟ್ಟಿಯಾಗಿ ಹಿಡಿಯುವ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ. ಟ್ರ್ಯಾಕ್‌ಗೆ ಹತ್ತಿರದ ಟೈರುಗಳಲ್ಲಿ ಹೊಸತರಲ್ಲೇ ಟ್ರೆಡ್‌ನ ಆಳವೂ ಸಾಮಾನ್ಯ ಟೈರಿನ 8 ಮಿ.ಮೀ.ಗಿಂತ ಕಡಿಮೆ.

ಸವೆತವೆಂಬುದು ಟೈರಿನ ಸ್ವಭಾವಕ್ಕಿಂತ ಹೆಚ್ಚಾಗಿ ಚಾಲನೆಯ ಫಲ ಎಂಬುದನ್ನು ರಬ್ಬರ್ ವಿಜ್ಞಾನಿ ಶಾಲಮಾಕ್ ಮತ್ತು ಅವರ ಸಂಗಡಿಗರು 1960ರ ಸುಮಾರಿಗೇ ತೋರಿಸಿದ್ದರು. ತಿರುವಿನಲ್ಲಿ ಟೈರು ಸವೆಯುವ ಪ್ರಮಾಣ ಅದರ ಮೇಲೆ ಅಡ್ಡಲಾಗಿ ಬೀಳುವ ಬಲದ ವರ್ಗಕ್ಕೆ ಸರಿಸುಮಾರು ಅನುಗುಣವಾಗಿರುತ್ತದೆ. ಒಂದೇ ತಿರುವಿನಲ್ಲಿ ಆ ಬಲವೋ ವೇಗದ ವರ್ಗಕ್ಕೆ ಅನುಗುಣ. ಎರಡನ್ನೂ ಕೂಡಿಸಿದರೆ ಸವೆತ ವೇಗದ ನಾಲ್ಕನೆಯ ಘಾತದಂತೆ ಏರುತ್ತದೆ: ಅದೇ ತಿರುವನ್ನು ಶೇ. 20ರಷ್ಟು ಹೆಚ್ಚು ವೇಗದಲ್ಲಿ ತೆಗೆದುಕೊಂಡರೆ ಸವೆತ ದುಪ್ಪಟ್ಟಾಗುತ್ತದೆ. ಒಂದೇ ಕಾರು, ಒಂದೇ ಟೈರು ಇಟ್ಟುಕೊಂಡ ಇಬ್ಬರಲ್ಲಿ ಒಬ್ಬರಿಗೆ ಎಂಟು ಸಾವಿರ, ಇನ್ನೊಬ್ಬರಿಗೆ ಇಪ್ಪತ್ತೈದು ಸಾವಿರ ಕಿ.ಮೀ. ಬಂದರೆ ಅಚ್ಚರಿಪಡಬೇಕಾಗಿಲ್ಲ. ಇದರ ಜತೆಗೆ ಕಾರಿನ ಜೋಡಣೆಯೂ ಇದೆ. ತಿರುವಿನಲ್ಲಿ ಹಿಡಿತ ಸಿಗಲೆಂದು ಇಂಥ ಕಾರುಗಳ ಚಕ್ರಗಳನ್ನು ಮೇಲ್ಭಾಗ ಒಳಕ್ಕೆ ವಾಲುವಂತೆ ಕೂರಿಸಿರುತ್ತಾರೆ. ನೇರ ರಸ್ತೆಯಲ್ಲೇ ಹೆಚ್ಚು ಓಡುವ ಕಾರಿನಲ್ಲಿ ಟೈರಿನ ಒಳ ಅಂಚು ದಾರ ಕಾಣುವಷ್ಟು ಸವೆದಿದ್ದರೂ ಹೊರಗಿನಿಂದ ನೋಡುವವರಿಗೆ ಹೊಸದರಂತೆ ಕಾಣುವುದುಂಟು. ಪೋರ್ಶೆ 911ರಂತೆ ಎಂಜಿನ್ ಹಿಂದಿರುವ ಕಾರುಗಳಲ್ಲಿ ಹಿಂದಿನ ಜೋಡಿ ಮೊದಲು ಮುಗಿಯುತ್ತದೆ. ಮುಂದಿನ ಟೈರಿನ ಅಳತೆಯೇ ಬೇರೆಯಾದ್ದರಿಂದ ಹಿಂದುಮುಂದು ಅದಲುಬದಲು ಮಾಡಿ ಸವೆತ ಹಂಚುವ ಹಳೆಯ ಉಪಾಯವೂ ಅಲ್ಲಿ ನಡೆಯುವುದಿಲ್ಲ.

ಅತಿರೇಕದ ಉದಾಹರಣೆಗಳಿಗೆ ಬರವಿಲ್ಲ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2013ರಲ್ಲಿ ನಡೆದ ಫಾರ್ಮುಲಾ ಒನ್ ಸ್ಪರ್ಧೆಗೆ ಮುನ್ನ ಪಿರೆಲ್ಲಿ ಕಂಪನಿ ತನ್ನ ಮೆತ್ತನೆಯ ಟೈರನ್ನು 15 ಸುತ್ತಿಗಿಂತ ಹೆಚ್ಚು ಓಡಿಸಬೇಡಿ ಎಂದಿತ್ತು, ಐದು ಕಿ.ಮೀ. ಚಿಲ್ಲರೆಯ ಸುತ್ತಾದ್ದರಿಂದ ಅದು ಎಂಬತ್ತು ಕಿ.ಮೀ.ಗೂ ಕಡಿಮೆ ಆಯಸ್ಸು. ಗೆದ್ದ ಸೆಬಾಸ್ಟಿಯನ್ ವೆಟಲ್ ಆ ಟೈರನ್ನು ಎರಡೇ ಸುತ್ತಿಗೆ ಬಿಚ್ಚಿಸಿದರು. ಬುಗಾಟಿ ವೇರಾನ್ ಗಂಟೆಗೆ 400 ಕಿ.ಮೀ. ವೇಗದಲ್ಲಿ ಓಡುತ್ತಲೇ ಇದ್ದರೆ ಟೈರು ಕಾಲು ಗಂಟೆ ಬಾಳುತ್ತದೆ, ಚಿಂತೆ ಬೇಡ, ಪೆಟ್ರೋಲು ಅದಕ್ಕೂ ಮೊದಲೇ ಮುಗಿಯುತ್ತದೆ ಎಂಬ ಮಾತು ಕಾರುಪ್ರಿಯರ ನಡುವೆ ಪುರಾಣದಂತೆ ಹಬ್ಬಿದೆ. ಕೇಳಲು ಚೆನ್ನ. ಶೇಂದ್ರಾದ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಹೊದಿಕೆ ಹೊದ್ದು ನಿಂತ ಕಾರಿಗೆ ಇದರಿಂದ ತಿಳಿಯುವುದು ಬಹಳ ಕಡಿಮೆ.

ಆ ಕಾರು ಮಾಡುವ ಮುಖ್ಯ ಕೆಲಸ ನಿಂತಿರುವುದು. ಭಾನುವಾರ ಬೆಳಿಗ್ಗೆ ಹೊರಬಂದು ಐವತ್ತು ಕಿ.ಮೀ. ಸುತ್ತಿ ಹಿಂದಿರುಗುವ ಸ್ಪೋರ್ಟ್ಸ್ ಕಾರು ವರ್ಷಕ್ಕೆ 2,500 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಹಿಂದಿನ ಟೈರಿನ ಆಯಸ್ಸು ಹದಿನೈದು ಸಾವಿರ ಎಂದು ಹಿಡಿದರೂ ಅದು ಸವೆದು ಮುಗಿಯಲು ಆರು ವರ್ಷ ಬೇಕು; ಮುಂದಿನ ಜೋಡಿಗೆ ಇನ್ನೂ ಹೆಚ್ಚು. ಈ ಆರು ವರ್ಷಗಳಲ್ಲಿ ರಬ್ಬರಿಗೆ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ. ಆಮ್ಲಜನಕ ರಬ್ಬರಿನ ಒಳಹೊಕ್ಕು ಅದರ ಅಣುಸರಪಳಿಗಳನ್ನು ಇನ್ನಷ್ಟು ಬಿಗಿಯುತ್ತದೆ, ಕೆಲವೆಡೆ ಕತ್ತರಿಸುತ್ತದೆ. ರಬ್ಬರು ಗಡುಸಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಮರಾಠವಾಡದಲ್ಲಿ, ನಮ್ಮ ಕಲಬುರಗಿ–ರಾಯಚೂರಿನಲ್ಲಿ ಸಹ, ಜರ್ಮನಿಯ ಕ್ಯಾಲೆಂಡರನ್ನು ಹಾಗೆಯೇ ಗೋಡೆಗೆ ತೂಗುಹಾಕಲು ಬರುವುದಿಲ್ಲ. ಇನ್ನೊಂದು ವಿಚಿತ್ರವಿದೆ. ಓಝೋನಿನಿಂದ ಬಿರುಕು ಬಿಡದಂತೆ ಟೈರಿನ ರಬ್ಬರಿನಲ್ಲಿ ಮೇಣ ಮತ್ತು ರಕ್ಷಕ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಚಕ್ರ ಉರುಳಿ ರಬ್ಬರು ಬಾಗಿ ಬಳುಕಿದಾಗ ಇವು ಮೇಲ್ಮೈಗೆ ಚೆನ್ನಾಗಿ ಬರುತ್ತವೆ. ನಿಂತೇ ಇರುವ ಟೈರಿಗೆ ಈ ಲೇಪ ಸರಿಯಾಗಿ ಸಿಗುವುದಿಲ್ಲ. ಕಡಿಮೆ ಓಡಿಸಿ ಟೈರು ಉಳಿಸಿದೆವು ಎಂದುಕೊಳ್ಳುವವರು ಟ್ರೆಡ್ ಉಳಿಸಿರುತ್ತಾರೆ, ರಬ್ಬರನ್ನಲ್ಲ.

ವಯಸ್ಸಾದ ಟೈರಿನ ಅಪಾಯಕ್ಕೆ ಜಗತ್ತು ನೆನಪಿಟ್ಟುಕೊಂಡ ಉದಾಹರಣೆ ಪೋರ್ಶೆ ಕರೆರಾ ಜಿಟಿ. 2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದಲ್ಲಿ ಈ ಕಾರು ರಸ್ತೆ ಬಿಟ್ಟು ಅಪ್ಪಳಿಸಿ ನಟ ಪಾಲ್ ವಾಕರ್ ಮತ್ತು ಕಾರು ಓಡಿಸುತ್ತಿದ್ದ ಅವರ ಸ್ನೇಹಿತ ತೀರಿಕೊಂಡರು. ತನಿಖೆ ಮುಖ್ಯ ಕಾರಣವೆಂದು ಗುರುತಿಸಿದ್ದು ವೇಗವನ್ನು. ಕಾರಿನಲ್ಲಿ ಯಾಂತ್ರಿಕ ದೋಷ ಸಿಗಲಿಲ್ಲ. ಆದರೆ ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು, ಅದರಿಂದ ಕಾರಿನ ಹಿಡಿತ ಕುಂದಿರಬಹುದು ಎಂದೂ ತನಿಖಾಧಿಕಾರಿಗಳು ದಾಖಲಿಸಿದರು. ಕಾರು ಓಡಿದ್ದು ಅತಿ ಕಡಿಮೆ. ಟ್ರೆಡ್ ಅಳೆದು ನೋಡುವ ಯಾವ ತಪಾಸಣೆಯೂ ಆ ಟೈರುಗಳನ್ನು ತಡೆಯುತ್ತಿರಲಿಲ್ಲ. ವೇಗವೇ ಕಾರಣವೆಂದ ಮೇಲೆ ಟೈರಿನ ಮಾತು ಏಕೆ ಎಂದು ಕೇಳಬಹುದು. ಸ್ಪೋರ್ಟ್ಸ್ ಕಾರಿನ ಮಟ್ಟಿಗೆ ಇವೆರಡನ್ನು ಬಿಡಿಸಿ ನೋಡುವುದೇ ತಪ್ಪು. ಗಡುಸಾದ ರಬ್ಬರು ನಿಧಾನವಾಗಿ ಹೋಗುವಾಗ ಯಾವ ಸುಳಿವನ್ನೂ ಕೊಡುವುದಿಲ್ಲ, ತನ್ನ ಮಿತಿಯ ಹತ್ತಿರ ಬಂದಾಗ ಮಾತ್ರ ಕೈಬಿಡುತ್ತದೆ. ಮಿತಿಯ ಹತ್ತಿರ ಹೋಗಲೆಂದೇ ಕೊಂಡ ಕಾರಿನಲ್ಲಿ ಇದು ಸಣ್ಣ ವಿಷಯವಲ್ಲ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಐದು ಮಿ.ಮೀ. ಟ್ರೆಡ್ ಇರುವ, ನೋಡಲು ಲಕ್ಷಣವಾದ, ಒಂದೊಂದಕ್ಕೆ ಹತ್ತಾರು ಸಾವಿರ ರೂಪಾಯಿ ತೆತ್ತ ಟೈರನ್ನು ಹುಟ್ಟಿದ ವಾರ ನೋಡಿ ಎಸೆಯಿರಿ ಎನ್ನುವುದು ಟೈರ್ ಕಂಪನಿಗಳ ವ್ಯಾಪಾರದ ಹಂಚಿಕೆಯಲ್ಲವೇ? ಅನುಮಾನ ಪೂರ್ತಿ ಹುಸಿಯಲ್ಲ. ವಯಸ್ಸಿನ ಮಿತಿ ಎಲ್ಲರಲ್ಲೂ ಒಂದೇ ಆಗಿಲ್ಲ: ಹಲವು ಕಾರು ತಯಾರಕರು ಆರು ವರ್ಷ ಎನ್ನುತ್ತಾರೆ, ಮಿಶೆಲಿನ್ ಐದು ವರ್ಷದ ನಂತರ ಪ್ರತಿವರ್ಷ ತಜ್ಞರಿಂದ ಪರೀಕ್ಷೆ, ಹತ್ತು ವರ್ಷಕ್ಕೆ ಕಡ್ಡಾಯ ವಿದಾಯ ಎನ್ನುತ್ತದೆ. ಮಾರಾಟವೇ ಗುರಿಯಾಗಿದ್ದರೆ ಟೈರ್ ಮಾರುವ ಕಂಪನಿಯ ಗಡುವೇ ಚಿಕ್ಕದಿರಬೇಕಿತ್ತು. ಆಗಿರುವುದು ಅದಕ್ಕೆ ವಿರುದ್ಧ. ಇನ್ನು ಸವೆತದ ಮಿತಿಯ ಚರ್ಚೆಯಲ್ಲೂ ಮಿಶೆಲಿನ್ 1.6 ಮಿ.ಮೀ.ವರೆಗೆ ಬಳಸಿ ಎಂದು ವಾದಿಸಿದರೆ 3 ಮಿ.ಮೀ.ಗೇ ಬದಲಾಯಿಸಿ ಎನ್ನುವವರೂ ಅದೇ ಉದ್ಯಮದಲ್ಲಿದ್ದಾರೆ. ಹಾಗಾಗಿ ಆರು ವರ್ಷವೆಂಬುದು ಗೆರೆ ಕೊರೆದ ಸತ್ಯವಲ್ಲ ಎಂದು ಒಪ್ಪೋಣ. ನೆರಳಿನಲ್ಲಿ ನಿಂತ, ಸರಿಯಾದ ಗಾಳಿಯೊಂದಿಗೆ ಆಗಾಗ ಉರುಳಿದ ಟೈರು ಏಳು ವರ್ಷಕ್ಕೂ ಗಟ್ಟಿಮುಟ್ಟಾಗಿರಬಹುದು. ಬಿಸಿಲಲ್ಲಿ ಚಪ್ಪಟೆಯಾಗಿ ನಿಂತದ್ದು ನಾಲ್ಕಕ್ಕೇ ಬಿರುಕು ಬಿಡಬಹುದು. ಅನಿಶ್ಚಿತವಾಗಿರುವುದು ಗಡುವಷ್ಟೆ. ಮುಪ್ಪನ್ನು ಟ್ರೆಡ್‌ನ ಆಳ ತೋರಿಸುವುದಿಲ್ಲ ಎಂಬ ಮೂಲ ಮಾತು ಇದರಿಂದ ಅಲುಗುವುದಿಲ್ಲ.

ಸಮೃದ್ಧಿ ಮಹಾಮಾರ್ಗ ತೆರೆದಂದಿನಿಂದ ಇದಕ್ಕಿಂತ ದೊಡ್ಡ ದನಿಯಲ್ಲಿ ಕೇಳುತ್ತಿರುವ ವಾದ ಬೇರೆ: ಟೈರು ಕೊಲ್ಲುವುದು ಕಾಂಕ್ರೀಟು, ಕಾದ ರಸ್ತೆಯಲ್ಲಿ ಒಳಗಿನ ಗಾಳಿ ಹಿಗ್ಗಿ ಟೈರು ಸಿಡಿಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಗಾಳಿ ಸ್ವಲ್ಪ ಕಡಿಮೆ ಇಡಬೇಕು, ಇಲ್ಲವೇ ನೈಟ್ರೋಜನ್ ತುಂಬಿಸಬೇಕು. ಲೆಕ್ಕ ಹಾಕಿ ನೋಡಿದರೆ ಈ ವಾದದ ಗಾಳಿಯೇ ಇಳಿಯುತ್ತದೆ. 25 ಡಿಗ್ರಿಯಲ್ಲಿ 33 ಪಿಎಸ್‌ಐ ತುಂಬಿದ ಟೈರಿನ ಒಳಗಾಳಿ 65 ಡಿಗ್ರಿಗೆ ಕಾದರೆ ಒತ್ತಡ ಏರುವುದು ಆರು ಪಿಎಸ್‌ಐಯ ಆಸುಪಾಸು. ಇಷ್ಟನ್ನು ತಾಳಲಾರದ ಟೈರನ್ನು ಯಾರೂ ತಯಾರಿಸುವುದಿಲ್ಲ. ನೈಟ್ರೋಜನ್ ಕೂಡ ಹೆಚ್ಚುಕಡಿಮೆ ಇಷ್ಟೇ ಹಿಗ್ಗುತ್ತದೆ. ನಾವು ತುಂಬಿಸುವ ಸಾದಾ ಗಾಳಿಯಲ್ಲೇ ಅದು ಶೇ. 78ರಷ್ಟಿದೆ. ತೇವಾಂಶವಿಲ್ಲದಿರುವುದು, ಸೋರಿಕೆ ನಿಧಾನವಾಗುವುದು ಅದರ ಲಾಭ, ದೊಡ್ಡ ರಕ್ಷಾಕವಚವೇನಲ್ಲ. ಸಿಡಿತದ ದಾರಿ ಇದಕ್ಕೆ ತಿರುಗುಮುರುಗು. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಪಕ್ಕೆ ಹೆಚ್ಚು ಬಾಗಿಸುತ್ತದೆ, ಬಾಗಿದಷ್ಟೂ ಕಾಯುತ್ತದೆ, ಕಾದಷ್ಟೂ ರಬ್ಬರಿಗೂ ಒಳಗಿನ ಪದರಗಳಿಗೂ ಇರುವ ಅಂಟು ಸಡಿಲವಾಗುತ್ತದೆ. ತಿರುವಿಲ್ಲದ, ಬ್ರೇಕಿಗೆ ಕಾಲಿಡುವ ಪ್ರಸಂಗವಿಲ್ಲದ ರಸ್ತೆಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವಾಗ ಈ ಕಾವಿಗೆ ಆರುವ ಬಿಡುವೇ ಸಿಗುವುದಿಲ್ಲ. ಬೇಸಿಗೆಯೆಂದು ಗಾಳಿ ಇಳಿಸುವವರು ತಪ್ಪಿಸಿಕೊಳ್ಳಲು ಹೊರಟ ಅಪಾಯವನ್ನೇ ಕರೆದು ತರುತ್ತಾರೆ.

ಸ್ಪೋರ್ಟ್ಸ್ ಕಾರಿನ ಟೈರಿನ ಮೇಲಿನ 'ವೈ' ಗುರುತು ಗಂಟೆಗೆ 300 ಕಿ.ಮೀ. ತಾಳಿಕೆಯನ್ನು ಸೂಚಿಸುತ್ತದೆ. ಸಮೃದ್ಧಿಯ ಮಿತಿ ಅದರ ಅರ್ಧಕ್ಕೂ ಕಡಿಮೆ. ಮಿತಿಯೊಳಗೆ ಓಡುವ ಆರೋಗ್ಯವಂತ ಟೈರಿಗೆ ಆ ರಸ್ತೆ ವಿರಾಮದ ನಡಿಗೆಯಷ್ಟೆ. ಅಂಥದ್ದು ಅಲ್ಲಿ ಸಿಡಿದರೆ ಕಾಂಕ್ರೀಟನ್ನು ದೂರುವ ಮೊದಲು ಗಾಳಿ, ವಯಸ್ಸು, ಹಳೆಯ ಗಾಯ ಇವನ್ನು ವಿಚಾರಿಸಬೇಕು. ಟೈರಿನ ಮೇಲೆ ಗೂಬೆ ಕೂರಿಸುವ ಅಭ್ಯಾಸಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 2023ರ ಜುಲೈ 1ರಂದು ಬುಲ್ಢಾಣಾ ಜಿಲ್ಲೆಯ ಸಿಂದಖೇಡರಾಜಾ ಬಳಿ ಇದೇ ಹೆದ್ದಾರಿಯಲ್ಲಿ ಬಸ್ಸೊಂದು ಉರುಳಿ ಹೊತ್ತಿ ಉರಿದು 25 ಜನ ಸತ್ತಾಗ ಮೊದಲು ಹೊರಬಿದ್ದ ಮಾತು ಟೈರು ಸಿಡಿಯಿತೆಂಬುದು. ಅಮರಾವತಿಯ ಪ್ರಾದೇಶಿಕ ಸಾರಿಗೆ ಕಚೇರಿಯ ವರದಿ ಆಮೇಲೆ ಅದನ್ನು ತಳ್ಳಿಹಾಕಿತು. ಕಾಂಕ್ರೀಟಿನ ಒರಟು ಮೇಲ್ಮೈ ಟ್ರೆಡ್ಡನ್ನು ಡಾಂಬರಿಗಿಂತ ತುಸು ಹೆಚ್ಚು ಉಜ್ಜಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಉಜ್ಜುವುದು ಬೇರೆ, ಸಿಡಿಸುವುದು ಬೇರೆ.

ಹಾಗೆ ನೋಡಿದರೆ ಈ ಕಾರುಗಳ ಟೈರಿಗೆ ಹೆದ್ದಾರಿಗಿಂತ ಊರೊಳಗಿನ ಬೀದಿ ಕ್ರೂರ. 911 ಕರೆರಾ ಎಸ್‌ನ ಹಿಂದಿನ ಟೈರಿನ ಅಳತೆ 305/30. ಪಕ್ಕದ ಗೋಡೆಯ ಎತ್ತರ ಒಂಬತ್ತು ಸೆಂ.ಮೀ. ಮಾತ್ರ ಎಂದು ಇದರರ್ಥ. 185/65 ಅಳತೆಯ ಸಾಮಾನ್ಯ ಟೈರಿಗೆ ಹನ್ನೆರಡು ಸೆಂ.ಮೀ. ಗೋಡೆ, ಹೊರುವ ಭಾರವೂ ಕಡಿಮೆ. ಗುಂಡಿಯ ಅಂಚಿಗೂ ಲೋಹದ ರಿಮ್ಮಿಗೂ ನಡುವೆ ಆ ಗಿಡ್ಡ ಗೋಡೆ ಸಿಕ್ಕಿಕೊಂಡರೆ ಒಳಗಿನ ದಾರಗಳು ಕಡಿಯುತ್ತವೆ. ಮರುದಿನ ಅಲ್ಲಿ ಒಂದು ಉಬ್ಬು ಕಾಣಿಸುತ್ತದೆ. ಪಂಕ್ಚರ್‌ನಂತೆ ಇದಕ್ಕೆ ತೇಪೆಯಿಲ್ಲ. ಟೈರು ಹಾಕಿ ಎರಡೇ ವಾರವಾಗಿರಲಿ, ಅದರ ಕತೆ ಮುಗಿಯಿತು. ನಾಲ್ಕು ಚಕ್ರಕ್ಕೂ ಶಕ್ತಿ ಹರಿಸುವ ಆಡಿ ಕ್ವಾಟ್ರೊದಂಥ ಕಾರುಗಳಲ್ಲಿ ಚಕ್ರಗಳ ಸುತ್ತಳತೆ ಹೊಂದಿಕೆಯಾಗಬೇಕಾದ್ದರಿಂದ ಒಂದು ಗುಂಡಿ ಎರಡು ಅಥವಾ ನಾಲ್ಕು ಟೈರುಗಳ ಖರ್ಚು ತಂದಿಡುವುದೂ ಉಂಟು.

ಇಷ್ಟೆಲ್ಲ ಹೇಳಿದ ಮೇಲೂ ಟ್ರೆಡ್ ಆಳ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಇದೇ ಸೀಮೆಯಲ್ಲಿ ಇಗತಪುರಿಯೂ ಇದೆ. ಸಂಭಾಜಿನಗರದಲ್ಲಿ ವರ್ಷಕ್ಕೆ ಏಳುನೂರು ಮಿ.ಮೀ. ಆಸುಪಾಸಿನ ಮಳೆಯಾದರೆ ಘಟ್ಟದ ನೆತ್ತಿಯ ಇಗತಪುರಿಯಲ್ಲಿ ಮೂರು ಸಾವಿರ ದಾಟುತ್ತದೆ. ಮಹಾಮಾರ್ಗದಲ್ಲಿ ಇವೆರಡರ ನಡುವೆ ಕೆಲವೇ ಗಂಟೆಗಳ ದಾರಿ. ರಸ್ತೆಯ ಮೇಲೆ ನಿಂತ ನೀರನ್ನು ಟ್ರೆಡ್ ಹೊರಗೆ ಚೆಲ್ಲಲಾರದೆ ಹೋದಾಗ ಟೈರು ನೀರಿನ ಮೇಲೆ ತೇಲುತ್ತದೆ. ವಿಮಾನದ ಚಕ್ರಗಳಿಗಾಗಿ 1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ರೂಪಿಸಿದ ಸೂತ್ರದಂತೆ 33 ಪಿಎಸ್‌ಐ ಗಾಳಿಯ ಟೈರಿಗೆ ಈ ತೇಲುವ ವೇಗ ಗಂಟೆಗೆ 96 ಕಿ.ಮೀ.ಯಷ್ಟಾಗುತ್ತದೆ. ಅಗಲವಾದ ಸ್ಪೋರ್ಟ್ಸ್ ಟೈರು ತಳ್ಳಬೇಕಾದ ನೀರೂ ಹೆಚ್ಚು. ಒಣ ಬೇಸಿಗೆಯಲ್ಲಿ ಬೋಳುಬೋಳಾದ ಮೆತ್ತನೆಯ ಟೈರು ಅದ್ಭುತವಾಗಿ ಹಿಡಿಯುತ್ತದೆ. ಅದೇ ಟೈರು ಜುಲೈನಲ್ಲಿ ಘಟ್ಟ ಇಳಿಯಲು ಯೋಗ್ಯವಲ್ಲ. 1.6 ಮಿ.ಮೀ.ಯೋ 3 ಮಿ.ಮೀ.ಯೋ ಎಂಬ ಜಗಳದಲ್ಲಿ ಮಲೆನಾಡು, ಕೊಂಕಣ, ಇಗತಪುರಿಯವರ ಮಟ್ಟಿಗೆ ಮೂರರ ಪಕ್ಷವೇ ಸರಿ. ಸಂಭಾಜಿನಗರದವರಿಗೆ ವರ್ಷದ ಎಂಟು ತಿಂಗಳು ಆ ಜಗಳವೇ ಅನಗತ್ಯ.

ಮಾರುಕಟ್ಟೆಯೂ ಮುಪ್ಪಿನ ಸಮಸ್ಯೆಯನ್ನು ಬಿಗಡಾಯಿಸಿದೆ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರುಗಳ ಆಮದನ್ನು ಮುಕ್ತ ಪಟ್ಟಿಯಿಂದ ನಿರ್ಬಂಧಿತ ಪಟ್ಟಿಗೆ ಸೇರಿಸಿತು. ದೇಶೀ ಉದ್ಯಮಕ್ಕೆ ಅದರಿಂದ ಬಲ ಬಂದಿರಬಹುದು. ಸಿಯೆಟ್ 2025ರಲ್ಲಿ 21 ಇಂಚಿನ ಅತಿವೇಗದ ಟೈರುಗಳನ್ನು ಬಿಡುಗಡೆ ಮಾಡಿದ್ದು ಸಣ್ಣ ಹೆಜ್ಜೆಯಲ್ಲ. ಆದರೆ ನಿರ್ದಿಷ್ಟ ಕಾರಿಗೆಂದೇ ಗುರುತು ಹಾಕಿದ, ಪೋರ್ಶೆಗೆ 'ಎನ್', ಆಡಿಗೆ 'ಎಒ' ಎಂಬಂಥ ಮುದ್ರೆಯ ಅಪರೂಪದ ಅಳತೆಗಳಿಗೆ ವಿದೇಶವೇ ಗತಿ. ಕಾಯಬೇಕಾಗಿ ಬಂದವರು ಹಳೆಯದರಲ್ಲೇ ಇನ್ನೊಂದು ಬೇಸಿಗೆ ತಳ್ಳುತ್ತಾರೆ. ಸಿಕ್ಕಿದ್ದನ್ನು ಕೊಳ್ಳುವವರಿಗೆ ಗೋದಾಮಿನಲ್ಲೇ ಎರಡು ವರ್ಷ ಕಳೆದ 'ಹೊಸ' ಟೈರು ಸಿಗಬಹುದು. ಕೊಳ್ಳುವಾಗ ನೋಡಬೇಕಾದದ್ದು ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು: 2323 ಎಂದಿದ್ದರೆ 2023ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದದ್ದು.

ನಮ್ಮ ಮೋಟಾರು ವಾಹನ ನಿಯಮಗಳು ಕಾರಿನ ಟ್ರೆಡ್‌ಗೆ 1.6 ಮಿ.ಮೀ. ಎಂಬ ಕನಿಷ್ಠ ಮಿತಿ ಹಾಕಿವೆ. ಸಮೃದ್ಧಿಯಲ್ಲಿ ಅಪಘಾತಗಳು ಹೆಚ್ಚಿದಾಗ ಮಹಾರಾಷ್ಟ್ರದ ಸಾರಿಗೆ ಇಲಾಖೆ ಸವೆದ ಟೈರಿನ ವಾಹನಗಳನ್ನು ಪ್ರವೇಶದ್ವಾರದಲ್ಲೇ ತಡೆಯತೊಡಗಿತು. ಒಳ್ಳೆಯ ಕೆಲಸ, ಲಕ್ಷ ಕಿ.ಮೀ. ಓಡಿದ ಟ್ಯಾಕ್ಸಿಗೂ ಟ್ರಕ್ಕಿಗೂ ಅದೇ ಸರಿಯಾದ ಪರೀಕ್ಷೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಕಾರಿಗೆ ಅದು ಪರೀಕ್ಷೆಯೇ ಅಲ್ಲ. ಎಂಟು ವರ್ಷ ಹಳೆಯ ಟೈರು ಆರು ಮಿ.ಮೀ. ಟ್ರೆಡ್ ತೋರಿಸಿ ಆ ದ್ವಾರವನ್ನು ನಗುನಗುತ್ತಾ ದಾಟುತ್ತದೆ. ಅಧಿಕಾರಿ ಆಳ ಅಳೆಯುವ ಹೊತ್ತಿನಲ್ಲೇ ಆ ನಾಲ್ಕು ಅಂಕಿಗಳನ್ನೂ ಓದಬಹುದು, ಹೆಚ್ಚುವರಿ ಉಪಕರಣ ಬೇಕಿಲ್ಲ. ಅಂಕಿ ಕೆಲವೊಮ್ಮೆ ಟೈರಿನ ಒಳಮೈಗಿರುವುದರಿಂದ ಬಗ್ಗಿ ನೋಡುವ ತೊಂದರೆ ಮಾತ್ರ ಉಂಟು. ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಂತೂ ಬಗ್ಗಿಯೇ ನೋಡಬೇಕು. 'ಓಡಿದ್ದು ಒಂಬತ್ತೇ ಸಾವಿರ, ಟೈರು ಕಂಪನಿಯದ್ದೇ' ಎಂಬ ಮಾತನ್ನು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ಕಾರು 2015ರದಾದರೆ ಆ ಮಾತು ಕೇಳಿದೊಡನೆ ನಾಲ್ಕು ಹೊಸ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಬೇಕು.